ಹಳೆಯ ಓಣಿಯ ನಳದ ನೀರು

ನಮ್ಮ ನಗರಗಳ ಹಳೆಯ ಓಣಿಗಳು ಒಂದು ಕಾಲಕ್ಕೆ ಸಮೃದ್ಧಿಯ ನೆಲೆಗಳಾಗಿದ್ದವು. ಮನೆ, ಅಂಗಡಿ, ಗುಡಿ, ಮಠ ಎಲ್ಲವೂ ಅಲ್ಲಿಯೇ ಇದ್ದವು. ಕಾಲಕ್ರಮದಲ್ಲಿ ಅನುಕೂಲಸ್ಥರು ಹೊಸ ಬಡಾವಣೆಗಳಿಗೆ ತೆರಳಿದರು. ಹಿರಿಯರ ಮನೆಗಳಲ್ಲಿ ವೃದ್ಧರೂ ಬಾಡಿಗೆಯ ಬಡ ಕುಟುಂಬಗಳೂ ಉಳಿದುಕೊಂಡರು. ಅವರ ಪಾಲಿಗೆ ನೆಲದೊಳಗಿನ ಹಳೆಯ ಕೊಳವೆಗಳೂ ಉಳಿದವು. ಗೋಡೆ ಬಿರಿದರೆ ಕಣ್ಣಿಗೆ ಕಾಣುತ್ತದೆ. ಕೊಳವೆ ತುಕ್ಕು ಹಿಡಿದುದು ಎಷ್ಟೋ ವೇಳೆ ಮಕ್ಕಳು ಹಾಸಿಗೆ ಹಿಡಿದ ಮೇಲೆಯೇ ತಿಳಿಯುತ್ತದೆ.

ಶುದ್ಧೀಕರಣ ಕೇಂದ್ರದಿಂದ ಹೊರಡುವಾಗ ಶುದ್ಧವಾಗಿದ್ದ ನೀರು ದಾರಿಯಲ್ಲಿ ಹೇಗೆ ಕೆಡುತ್ತದೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ಅರಿತಿರಬೇಕು. ಹಳೆಯ ಓಣಿಗಳಲ್ಲಿ ನೀರಿನ ಕೊಳವೆಯೂ ಚರಂಡಿಯೂ ಅಕ್ಕಪಕ್ಕದಲ್ಲಿಯೇ ಸಾಗುತ್ತವೆ. ಮನೆಗೆ ಬರುವ ಸಣ್ಣ ಕೊಳವೆ ಎಷ್ಟೋ ಕಡೆ ಗಟಾರದೊಳಗಿಂದಲೇ ಹಾಯ್ದು ಬರುತ್ತದೆ. ಕೊಳವೆ ತುಂಬಿ ಹರಿಯುವಾಗ ಒಳಗಿನ ಒತ್ತಡದಿಂದಾಗಿ ಬಿರುಕಿನ ಮೂಲಕ ನೀರು ಹೊರಗೆ ಸೋರುತ್ತದೆ. ನೀರು ನಿಂತು ಒತ್ತಡ ಇಳಿದಾಗ ಅದೇ ಬಿರುಕಿನಿಂದ ಗಟಾರದ ಹೊಲಸು ಒಳಸೇರುತ್ತದೆ. ಹಲವು ದಿನಗಳಿಗೊಮ್ಮೆ ನೀರು ಬಿಡುವಲ್ಲಿ ಕೊಳವೆ ಬರಿದಾಗಿರುವ ಕಾಲವೇ ಹೆಚ್ಚು. ನಳಕ್ಕೆ ನೇರವಾಗಿ ಮೋಟಾರು ಹಚ್ಚಿದರೆ ಅದು ನೀರಿನೊಡನೆ ಈ ಹೊಲಸನ್ನೂ ಎಳೆಯಬಲ್ಲದು.

ಇದಕ್ಕೆ ನಮ್ಮ ಹುಬ್ಬಳ್ಳಿ-ಧಾರವಾಡವೇ ಸಾಕ್ಷಿ. ಅಲ್ಲಿಯ ಹಾಗೂ ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ಹೊಸ ಕೊಳವೆಗಳನ್ನು ಹಾಕಿ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬಿಡಲಾಯಿತು. ಉಳಿದ ವಾರ್ಡುಗಳಲ್ಲಿ ಹಿಂದಿನ ಪದ್ಧತಿಯೇ ಮುಂದುವರಿಯಿತು. ಹುಬ್ಬಳ್ಳಿ-ಧಾರವಾಡದ ಈ ಎರಡೂ ಬಗೆಯ ನಳಗಳ ನೀರನ್ನು ಸಂಶೋಧಕರು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲದಿಂದ ಬರುವ ಇ. ಕೋಲಿ ಎಂಬ ಸೂಕ್ಷ್ಮಾಣು ನಿರಂತರ ನೀರಿನ ನಳಗಳಲ್ಲಿ 100 ಮಾದರಿಗಳಿಗೆ ಒಂದರಲ್ಲಿಯೂ ಕಾಣಲಿಲ್ಲವೆನ್ನುವಷ್ಟು ವಿರಳವಾಗಿತ್ತು. ಬಿಟ್ಟುಬಿಟ್ಟು ಬರುವ ನಳಗಳಲ್ಲಿ ಸುಮಾರು 32ರಲ್ಲಿ ಕಂಡಿತು. 2015ರ ಇನ್ನೊಂದು ಅಧ್ಯಯನದಂತೆ, ಮಕ್ಕಳ ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ; ಆದರೆ ನಿರಂತರ ನೀರು ದೊರೆತ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಾಗಿತ್ತು. ಹಳೆಯ ಕೊಳವೆಯ ಕೇಡು ಯಾರ ಮೇಲೆ ಹೆಚ್ಚು ಬೀಳುತ್ತದೆಂಬುದು ಇದರಿಂದ ಸ್ಪಷ್ಟ.

ಬೀದಿಯ ದೊಡ್ಡ ಕೊಳವೆಯನ್ನು ಬದಲಿಸುವುದು ನಗರಸಭೆ, ಪಾಲಿಕೆಗಳ ಹೊಣೆ. ಅದಕ್ಕಾಗಿ ಓಣಿಯವರೆಲ್ಲ ಕೂಡಿ ಬಿಡದೆ ಕೇಳತಕ್ಕದ್ದು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡಬೇಕು. ನೀರು ಬಂದೊಡನೆ ಮೊದಲ ಕೆಲವು ಕೊಡಗಳನ್ನು ಕುಡಿಯಲು ಹಿಡಿಯದೆ ಬಳಕೆಗೆ ಇಟ್ಟುಕೊಳ್ಳಬೇಕು. ಕುಡಿಯುವ ನೀರನ್ನು ಕುದಿಸಬೇಕು. ಮುಚ್ಚಿದ ಪಾತ್ರೆಯಲ್ಲಿಟ್ಟು, ಕೈ ಅದ್ದದೆ ಹಿಡಿಕೆಯುಳ್ಳ ಸೌಟಿನಿಂದ ತೆಗೆದುಕೊಳ್ಳಬೇಕು. ನಳಕ್ಕೆ ನೇರವಾಗಿ ಮೋಟಾರು ಹಚ್ಚಬಾರದು. ಒಬ್ಬರು ಹಚ್ಚಿದರೆ ನೆರೆಯವರ ಕೊಡಕ್ಕೂ ಕೇಡು ತಟ್ಟೀತು.

ಓಣಿಯನ್ನು ಬಿಟ್ಟು ಹೋದ ಬಂಧುಗಳಿಗೆ ಒಂದು ವಿನಂತಿ. ಹಿರಿಯರ ಮನೆಯ ಬಾಡಿಗೆ ಇಂದಿಗೂ ನಿಮ್ಮ ಕೈಸೇರುತ್ತಿದೆ. ಆ ಮನೆಗೆ ಗಟಾರ ದಾಟಿ ಬರುವ ಕೊಳವೆಯೂ ನಿಮ್ಮದೇ. ಶ್ರಾವಣಕ್ಕೋ ಜಾತ್ರೆಗೋ ಬಂದಾಗ ಗೋಡೆಗೆ ಸುಣ್ಣ ಬಳಿಸುವ ಮೊದಲು ಆ ಕೊಳವೆಯನ್ನು ನೋಡಿರಿ. ತುಕ್ಕು ಹಿಡಿದಿದ್ದರೆ ಕಿತ್ತು, ಗಟಾರದಿಂದ ದೂರವಾಗಿ, ಮೇಲುಮಟ್ಟದಲ್ಲಿ ಹೊಸದನ್ನು ಹಾಕಿಸಿರಿ. ಆ ಮನೆಯಲ್ಲಿ ಇಂದು ನೀರು ಕುಡಿಯುವ ಮಕ್ಕಳು ನಿಮ್ಮವರಲ್ಲದಿರಬಹುದು. ಅವರ ಆರೋಗ್ಯದ ಹೊಣೆ ಮಾತ್ರ ನಿಮ್ಮದೂ ಹೌದು.