ಸೊಪ್ಪಿನ ಸತ್ತ್ವವು ಮೋರಿಯ ಪಾಲಾಗಬಾರದು

ಪುಣೆಯ ಮಂಡಯಿಯಲ್ಲಿ ಸೊಪ್ಪಿನ ಕಟ್ಟನ್ನು ಕೊಳ್ಳುವಾಗ ನಮ್ಮ ಹೋಟೆಲು ಮಾಲಿಕರು ಒಂದೆರಡು ರೂಪಾಯಿಗಾಗಿ ಚೌಕಾಸಿ ಮಾಡದೆ ಬಿಡುವುದಿಲ್ಲ. ಅದೇ ಕಟ್ಟು ಅಡಿಗೆಮನೆಯನ್ನು ಸೇರಿದ ಮೇಲೆ ಅದರ ಸತ್ತ್ವದ ಎಷ್ಟೋ ಭಾಗ ಮೋರಿಗೆ ಹೋಗುವುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ನಷ್ಟವು ಯಾರದು? ಎರಡು ಹೊತ್ತೂ ಖಾನಾವಳಿಯ ತಟ್ಟೆಯನ್ನೇ ನಂಬಿದ ಗುಮಾಸ್ತನದು. ಗಿರಾಕಿಗಳೆಲ್ಲ ಉಂಡೆದ್ದ ಮೇಲೆ ಉಳಿದದ್ದನ್ನು ಉಣ್ಣುವ ಮಾಣಿಯದು.

ಹಸಿರು ಸೊಪ್ಪಿನಲ್ಲಿ 'ಸಿ' ಜೀವಸತ್ತ್ವವೂ, ದೇಹದಲ್ಲಿ 'ಎ' ಜೀವಸತ್ತ್ವವಾಗಿ ಮಾರ್ಪಡುವ ಕೆರೋಟಿನ್ ಎಂಬ ವಸ್ತುವೂ, ರಕ್ತವೃದ್ಧಿಗೆ ಬೇಕಾದ ಫೋಲಿಕ್ ಆಮ್ಲವೂ ಇವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ, ದಶಕಗಳ ಕಾಲ ಬಳಕೆಯಲ್ಲಿದ್ದ ಕೋಷ್ಟಕದ ಪ್ರಕಾರ 100 ಗ್ರಾಂ ಪಾಲಕದಲ್ಲಿ 28 ಮಿಲಿಗ್ರಾಂ, ಮೆಂತ್ಯಸೊಪ್ಪಿನಲ್ಲಿ 52 ಮಿಲಿಗ್ರಾಂ, ಇಲ್ಲಿಯವರು 'ಮಾಠ' ಎನ್ನುವ ಎಳೆಯ ಹರಿವೆಯಲ್ಲಿ 99 ಮಿಲಿಗ್ರಾಂ 'ಸಿ' ಜೀವಸತ್ತ್ವವಿದೆ. ನುಗ್ಗೆಸೊಪ್ಪು ಇವೆಲ್ಲವನ್ನೂ ಮೀರಿಸುತ್ತದೆ. ಪ್ರಾಯದ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು 2020ರಲ್ಲಿ ಹೇಳಿದೆ. ಆದರೆ ವಾಚಕರು ಗಮನಿಸಬೇಕು: ಕೋಷ್ಟಕದ ಅಂಕಿಗಳು ಹಸಿ ಸೊಪ್ಪಿನವು, ಬೆಂದ ಸೊಪ್ಪಿನವಲ್ಲ.

'ಸಿ' ಜೀವಸತ್ತ್ವವು ಬಲು ಕೋಮಲವಾದುದು. ಕಿತ್ತ ಸೊಪ್ಪು ಬಿಸಿಲಿನಲ್ಲಿ ಬಾಡಿದಷ್ಟೂ ಅದು ಕ್ಷೀಣಿಸುತ್ತದೆ. ಹೆಚ್ಚಿಟ್ಟರೆ ಗಾಳಿಗೆ ನಶಿಸುತ್ತದೆ. ಹೆಚ್ಚಿದ ಮೇಲೆ ತೊಳೆದರೆ ನೀರಿನೊಡನೆ ಹೋಗುತ್ತದೆ. ಕುದಿಸಿ ನೀರು ಬಸಿದು ಚೆಲ್ಲಿದರೆ ಫೋಲಿಕ್ ಆಮ್ಲವೂ ಅದರೊಡನೆ ಹೊರಡುತ್ತದೆ. ಬೆಳಿಗ್ಗೆ ಬೇಯಿಸಿದ ಪಲ್ಯವನ್ನು ಮಧ್ಯಾಹ್ನದವರೆಗೆ ಒಲೆಯ ಮೇಲೆ ಬಿಸಿಯಾಗಿಟ್ಟರೆ ಉಳಿದದ್ದೂ ಸವೆಯುತ್ತದೆ. ಇವೆಲ್ಲಕ್ಕೂ ಕಿರೀಟವಿಟ್ಟಂತೆ ಅಡಿಗೆ ಸೋಡಾ! ಚಿಟಿಕೆ ಸೋಡಾ ಬಿದ್ದರೆ ಹಸಿರು ಬಣ್ಣವು ಹೊಳೆಯುವುದು ನಿಜ. ಆದರೆ ಅದರ ಕ್ಷಾರಗುಣವು 'ಸಿ' ಜೀವಸತ್ತ್ವವನ್ನೂ 'ಬಿ'ಗುಂಪಿನ ಥಯಮಿನನ್ನೂ ಬೇಗನೆ ಕೆಡಿಸುತ್ತದೆ. ಕಣ್ಣಿಗೆ ಹಬ್ಬ, ಹೊಟ್ಟೆಗೆ ಉಪವಾಸ.

ನಮ್ಮ ಹಿರಿಯರಿಗೆ ಜೀವಸತ್ತ್ವಗಳ ಹೆಸರು ತಿಳಿದಿರಲಿಲ್ಲ, ಅವನ್ನು ಉಳಿಸುವ ಬಗೆ ತಿಳಿದಿತ್ತು. ಹಳೆಯ ಮೈಸೂರಿನವರು ಸೊಪ್ಪು ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡಿದರು. ಕರಾವಳಿಯವರು ಒಂದೆಲಗವನ್ನು ಹಸಿಯಾಗಿಯೇ ಅರೆದು ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದರು. ಉತ್ತರ ಕರ್ನಾಟಕದವರು ಜೋಳದ ರೊಟ್ಟಿಯೊಡನೆ ಹಸಿ ಮೆಂತ್ಯದ ತಪ್ಪಲನ್ನು ತಿಂದರು. ಹಾಗೆಂದು ಬೇಯಿಸುವುದೇ ತಪ್ಪೆಂದು ಯಾರೂ ಭಾವಿಸಬಾರದು. ಹದವಾಗಿ ಬೇಯಿಸಿ ಎಣ್ಣೆಯ ಒಗ್ಗರಣೆ ಕೊಟ್ಟರೆ ಕೆರೋಟಿನ್ ದೇಹಕ್ಕೆ ಹೆಚ್ಚಾಗಿ ದಕ್ಕುತ್ತದೆ. ಹಸಿಯಾಗಿ ತಿನ್ನುವ ಸೊಪ್ಪನ್ನಂತೂ ಶುದ್ಧವಾದ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಲೇಬೇಕು.

"ಮಧ್ಯಾಹ್ನದ ಗದ್ದಲದಲ್ಲಿ ಇದೆಲ್ಲ ನಡೆದೀತೆ?" ಎಂದು ಮಾಲಿಕ ಬಂಧುಗಳು ಕೇಳಬಹುದು. ಹೋಟೆಲಿನ ಗಲ್ಲಾದ ಹಿಂದೆ ವರ್ಷಗಟ್ಟಲೆ ಕುಳಿತ ನಮಗೆ ಆ ಗದ್ದಲವು ಹೊಸದಲ್ಲ. ಸೊಪ್ಪನ್ನು ಇಡಿಯಾಗಿ ತೊಳೆದು, ಒಲೆಗೇರಿಸುವ ಮುನ್ನ ಹೆಚ್ಚಿ, ಕಡಿಮೆ ನೀರಿನಲ್ಲಿ ಸ್ವಲ್ಪ ಹೊತ್ತು ಬೇಯಿಸುವುದಕ್ಕೆ ಹೊಸ ಯಂತ್ರವೂ ಬೇಡ, ಹೆಚ್ಚಿನ ಆಳೂ ಬೇಡ. ಒಂದೇ ದೊಡ್ಡ ಪಾತ್ರೆಗೆ ಬದಲು ಎರಡು ಸಲ ಬೇಯಿಸಿದರೆ ಪಲ್ಯವೂ ಬಿಸಿ, ಉರುವಲೂ ಹಾಳಾಗದು. ಮುಚ್ಚಳ ತೆಗೆದು ಬೇಗನೆ ಬೇಯಿಸಿದರೆ ಸೋಡಾ ಇಲ್ಲದೆಯೂ ಬಣ್ಣವು ಬಹುಮಟ್ಟಿಗೆ ಉಳಿಯುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎರಡನೆಯ ಸಲ ಬೆಂದ ಪಲ್ಯದಲ್ಲಿ ಕೆಲಸಗಾರರ ಪಾಲನ್ನು ಮೊದಲೇ ತೆಗೆದಿರಿಸಲಿ. ಅವರ ಊಟವು ಪಾತ್ರೆಯ ತಳದ ಲೆಕ್ಕವಾಗಬಾರದು. ಕೋಣೆಯಲ್ಲಿ ಸ್ಟೌ ಇಟ್ಟುಕೊಂಡ ಗುಮಾಸ್ತ ಮಿತ್ರರು ಪಾಲಕದ ಜೊತೆಗೆ ಹರಿವೆಯನ್ನೂ ಕೊಳ್ಳಲಿ. ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣನ್ನು ಹಿಂಡಲಿ. ಊರು ಬಿಟ್ಟು ಬಂದವನಿಗೆ ದುಡಿಯುವ ದೇಹವೇ ಬಂಡವಾಳ. ಆ ಬಂಡವಾಳವನ್ನು ಕಾಯುವ ಸೊಪ್ಪಿಗೆ ಕೊಟ್ಟ ಹಣ ವ್ಯರ್ಥವಾಗದಂತೆ ನೋಡಿಕೊಳ್ಳುವುದು ಮಾಲಿಕನಿಗೂ ಲಾಭ, ಮಾಣಿಗೂ ಲಾಭ.