ಅಪ್‌ಡೇಟ್‌ಗೆ ಹೆಸರೋ, ನಂಬರೋ? ಗೇಮ್ ಕಂಪನಿಗಳ ಗೊಂದಲದಲ್ಲಿ ಆಟಗಾರನ ಲೆಕ್ಕ ತಪ್ಪುವುದೆಲ್ಲಿ

2022ರ ಜುಲೈ 28ರಂದು ಬಿಜಿಎಂಐ ಆಟ ಗೂಗಲ್ ಮತ್ತು ಆಪಲ್ ಸ್ಟೋರ್‌ಗಳಿಂದ ಏಕಾಏಕಿ ಕಾಣೆಯಾದಾಗ ಅದು 2.1ನೇ ಆವೃತ್ತಿಯಲ್ಲಿತ್ತು. ಹತ್ತು ತಿಂಗಳ ನಂತರ, 2023ರ ಮೇ ಕೊನೆಯಲ್ಲಿ ಮರಳಿದ್ದು 2.5 ಆಗಿ. ನಡುವೆ ತಪ್ಪಿಹೋಗಿದ್ದೆಷ್ಟು ಎಂದು ಆಟಗಾರರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 2.2, 2.3, 2.4 ಎಂದು ಬೆರಳು ಮಡಚಿದರೆ ಸಾಕಿತ್ತು.

ನಂಬರಿನ ಈ ಸರಳ ಉಪಕಾರ ಈಗ ಮತ್ತೆ ಚರ್ಚೆಗೆ ಬಂದಿದೆ. ಗೆನ್‌ಶಿನ್ ಇಂಪ್ಯಾಕ್ಟ್ 2025ರ ಸೆಪ್ಟೆಂಬರ್‌ನಲ್ಲಿ 5.8ರ ನಂತರ 6.0 ಎನ್ನುವ ಬದಲು ‘ಲೂನಾ 1’ ಎಂದು ಹೊಸ ಎಣಿಕೆ ಶುರು ಮಾಡಿತು. ಆಟಗಾರರ ಬಾಯಲ್ಲಿ ಮಾತ್ರ ಅದು 6.0 ಆಗಿಯೇ ಉಳಿದಿದೆ. ಮೈನ್‌ಕ್ರಾಫ್ಟ್ ತನ್ನ ಹಳೆಯ 1.20, 1.21ರ ಸರಣಿ ಬಿಟ್ಟು 2026ರಿಂದ 26.1 ಎಂದು ಇಸವಿಯನ್ನೇ ಹಿಡಿದಿದೆ. ವ್ಯಾಲೊರಂಟ್ ಕೂಡ ಒಂಬತ್ತು ‘ಎಪಿಸೋಡ್’ ಮುಗಿಸಿ 2025ರಲ್ಲಿ ಇಸವಿಯ ಲೆಕ್ಕಕ್ಕೆ ಬಂತು.

ವರ್ಷಗಟ್ಟಲೆ ಹೊಸ ಭಾಗ ಸೇರಿಸುತ್ತಾ ನಡೆಸುವ ಇಂಥ ಲೈವ್ ಸರ್ವಿಸ್ ಆಟಗಳಿಗೆ ನಂಬರ್ ಎಂದರೆ ಒಂದು ಅಳುಕು ಇದ್ದೇ ಇದೆ. ‘ಸೀಸನ್ 19’ ಎಂದು ಬರೆದಿದ್ದರೆ ಹೊಸಬನಿಗೆ ತಾನು ಹದಿನೆಂಟು ಸೀಸನ್ ತಡವಾಗಿ ಬಂದೆ ಅನಿಸುತ್ತದೆ. ಪಬ್‌ಜಿ ಮೊಬೈಲ್ 19ನೇ ಸೀಸನ್ ಮುಗಿದ ಮೇಲೆ, 2021ರ ಜುಲೈನಲ್ಲಿ, 20 ಎನ್ನದೆ ‘ಸೈಕಲ್ 1, ಸೀಸನ್ 1’ಕ್ಕೆ ಹೋಯಿತು. ಫೋರ್ಟ್‌ನೈಟ್ ಇನ್ನೂ ನಾಟಕೀಯವಾಗಿ ಇದನ್ನೇ ಮಾಡಿತು: ಹತ್ತನೇ ಸೀಸನ್‌ಗೆ ‘ಎಕ್ಸ್’ ಎಂದು ಹೆಸರಿಟ್ಟು, 2019ರ ಅಕ್ಟೋಬರ್‌ನಲ್ಲಿ ಇಡೀ ಮ್ಯಾಪನ್ನು ಕಪ್ಪುರಂಧ್ರಕ್ಕೆ ನೂಕಿ, ‘ಚಾಪ್ಟರ್ 2, ಸೀಸನ್ 1’ ಎಂದು ಮೊದಲಿಂದ ಎಣಿಸತೊಡಗಿತು.

ಹೆಸರಿನ ಬಲ ಬೇರೆ ರೀತಿಯದು. 2023ರ ನವೆಂಬರ್‌ನಲ್ಲಿ ಅದೇ ಫೋರ್ಟ್‌ನೈಟ್ ಹಳೆಯ ಮ್ಯಾಪನ್ನು ‘ಒಜಿ’ ಎಂಬ ಎರಡಕ್ಷರದಲ್ಲಿ ವಾಪಸ್ ತಂದಾಗ ಒಂದೇ ದಿನ 4.47 ಕೋಟಿ ಜನ ಆಡಿದರು ಎಂದು ಎಪಿಕ್ ಗೇಮ್ಸ್ ಹೇಳಿಕೊಂಡಿತು. ಜನ ಬಂದಿದ್ದು ಹಳೆಯ ಮ್ಯಾಪಿಗಾಗಿ, ನಿಜ. ಆದರೆ ಆ ಕರೆಯನ್ನು ‘ಚಾಪ್ಟರ್ 4, ಸೀಸನ್ 5’ ಎಂಬ ಬೋರ್ಡಿನಿಂದ ಕೊಡಲು ಆಗುತ್ತಿರಲಿಲ್ಲ.

ಆದರೆ ಹೆಸರು ಒಂದು ಮಾತು ಕೊಟ್ಟಂತೆಯೂ ಹೌದು. ಮೈನ್‌ಕ್ರಾಫ್ಟ್ 2020ರಲ್ಲಿ ‘ಕೇವ್ಸ್ ಆ್ಯಂಡ್ ಕ್ಲಿಫ್ಸ್’ ಎಂದು ಘೋಷಿಸಿ, ಕೆಲಸ ಮುಗಿಯದೆ, ಒಂದೇ ಹೆಸರನ್ನು ಎರಡು ತುಂಡು ಮಾಡಿ 2021ರ ಜೂನ್ ಮತ್ತು ನವೆಂಬರ್‌ನಲ್ಲಿ 1.17, 1.18 ಎಂದು ಕೊಟ್ಟಿತು. ಗುಹೆ, ಬೆಟ್ಟಗಳ ಹೊಸ ರೂಪಕ್ಕಾಗಿಯೇ ಕಾದಿದ್ದವರಿಗೆ ಅದು ಸಿಕ್ಕಿದ್ದು ಎರಡನೇ ಭಾಗದಲ್ಲಿ. ಬರೀ 1.17 ಎಂದಿದ್ದರೆ ಯಾರ ನಿರೀಕ್ಷೆಯೂ ಅಷ್ಟು ಬೆಳೆಯುತ್ತಿರಲಿಲ್ಲ.

ಹೆಸರಿನ ಇನ್ನೊಂದು ತೊಡಕು ನಮ್ಮ ಪಂಚಾಂಗ ತಿರುವಿದವರಿಗೆ ಗೊತ್ತು. ಶುಭಕೃತ್ ಮೊದಲೋ ಶೋಭಕೃತ್ ಮೊದಲೋ? ಅರವತ್ತು ಸಂವತ್ಸರ ಬಾಯಿಪಾಠ ಇಲ್ಲದವನು ಪಕ್ಕದಲ್ಲಿರುವ ಶಕ ವರ್ಷದ ಅಂಕಿಯನ್ನೇ ನೋಡಬೇಕು. ಪಂಚಾಂಗದವರು ಕನಿಷ್ಠ ಎರಡನ್ನೂ ಮುದ್ರಿಸುತ್ತಾರೆ.

ಡೆಸ್ಟಿನಿ 2 ಮುದ್ರಿಸುವುದಿಲ್ಲ. ಫರ್ಸೇಕನ್, ಶ್ಯಾಡೋಕೀಪ್, ಬಿಯಾಂಡ್ ಲೈಟ್, ದಿ ವಿಚ್ ಕ್ವೀನ್, ಲೈಟ್‌ಫಾಲ್, ದಿ ಫೈನಲ್ ಶೇಪ್: ಹಣ ಕೊಟ್ಟು ಕೊಳ್ಳಬೇಕಾದ ಈ ವಿಸ್ತರಣೆಗಳ ಹೆಸರು ನೋಡಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೊಸ ಗ್ರಾಹಕ ಹೇಳಲಾರ. ಇಲ್ಲಿಯವರೆಗೆ ಇದು ಬರೀ ಕಿರಿಕಿರಿ. ವಿಷಯ ಗಂಭೀರವಾಗಿದ್ದು 2020ರ ನವೆಂಬರ್‌ನಲ್ಲಿ. ಆಟದ ಗಾತ್ರ ನಿಭಾಯಿಸಲಾಗದಷ್ಟು ಬೆಳೆದಿದೆ ಎಂಬ ಕಾರಣ ಕೊಟ್ಟು ಬಂಗೀ ಸಂಸ್ಥೆ 2017ರ ಮೂಲ ಕಥೆ ‘ರೆಡ್ ವಾರ್’ ಮತ್ತು ಅದರ ಹಿಂದೆಯೇ ಬಂದ ಎರಡು ವಿಸ್ತರಣೆಗಳನ್ನು ಆಟದಿಂದಲೇ ತೆಗೆಯಿತು. 2022ರ ಫೆಬ್ರವರಿಯಲ್ಲಿ ಫರ್ಸೇಕನ್ ಕಥೆಯೂ ಹೋಯಿತು. ದುಡ್ಡು ಕೊಟ್ಟವರು ಕೊಟ್ಟಿದ್ದಾಗಿತ್ತು.

ಇವಕ್ಕೆಲ್ಲ 1, 2, 3, 4 ಎಂದು ನಂಬರ್ ಇದ್ದಿದ್ದರೆ? ಅಂಗಡಿಯ ಪಟ್ಟಿ 5ರಿಂದ ಶುರುವಾಗುವುದನ್ನು ಕಂಡ ಯಾರಾದರೂ ಮೊದಲ ನಾಲ್ಕು ಎಲ್ಲಿ ಎಂದು ಕೇಳುತ್ತಿದ್ದರು. ಹೆಸರುಗಳ ಸಾಲಿನಲ್ಲಿ ನಾಲ್ಕು ಕಳಚಿದರೂ ಖಾಲಿ ಜಾಗ ಕಾಣುವುದಿಲ್ಲ. ಬಂಗೀ ಇದಕ್ಕಾಗಿಯೇ ಹೆಸರಿಟ್ಟಿತು ಎನ್ನುವುದು ಅನ್ಯಾಯವಾದೀತು. ಸಿನಿಮಾದಂತೆ ವಿಸ್ತರಣೆಗೂ ಹೆಸರಿಡುವುದು ಆ ಉದ್ಯಮದ ಹಳೆಯ ರೂಢಿ. ಆದರೆ ಪರಿಣಾಮ ಮಾತ್ರ ಇದೇ.

ಇಸವಿಯ ಪದ್ಧತಿ ಜನಪ್ರಿಯವಾಗುತ್ತಿರುವುದು ಈ ಎಳೆದಾಟದ ನಡುವೆ. 26 ಎಂಬ ಅಂಕಿ ಹೊಸಬನನ್ನು ಹೆದರಿಸುವುದಿಲ್ಲ, ಯಾಕೆಂದರೆ ಎಲ್ಲರಿಗೂ ಅದು 26ನೇ ಇಸವಿಯೇ. ವರ್ಷ ಬಿಟ್ಟು ಮರಳಿದವನಿಗೆ ಎಷ್ಟು ದೂರ ಬಂದೆವು ಎಂಬ ಅಂದಾಜೂ ಸಿಗುತ್ತದೆ. ಲೀಗ್ ಆಫ್ ಲೆಜೆಂಡ್ಸ್ 2025ರ ಆರಂಭದಲ್ಲಿ ಇಸವಿಯ ಜೊತೆ ಸೀಸನ್ ಅಕ್ಷರವನ್ನೂ ಬೆರೆಸಿ ‘25.ಎಸ್1.1’ ಎಂದು ಪ್ಯಾಚ್‌ಗೆ ನಂಬರ್ ಕೊಟ್ಟು, ಕೆಲವೇ ವಾರಗಳಲ್ಲಿ ಅದನ್ನು ಕೈಬಿಟ್ಟು ಸಾದಾ ಅಂಕಿಗೆ ಮರಳಿತು.

ಅಪ್‌ಡೇಟ್ ಯಾವಾಗ ಬಂತು ಎಂದು ಇಸವಿ ಹೇಳುತ್ತದೆ, ಎಲ್ಲಿಯವರೆಗೆ ಇರುತ್ತದೆ ಎಂದು ಹೇಳುವುದಿಲ್ಲ. ಬಿಜಿಎಂಐ ಆಡುವವರು ರಾಯಲ್ ಪಾಸ್ ಕೊಳ್ಳುವ ಮುನ್ನ ನೋಡುವುದು ಅದರ ಹೆಸರನ್ನಲ್ಲ, ನಂಬರನ್ನೂ ಅಲ್ಲ, ಪರದೆಯಲ್ಲಿ ಇಳಿಯುತ್ತಾ ಹೋಗುವ ಉಳಿದ ದಿನಗಳ ಎಣಿಕೆಯನ್ನು. ಡೆಸ್ಟಿನಿಯ ಆ ನಾಲ್ಕು ಕಥೆಗಳನ್ನು ಮಾರುವಾಗ ಅಂಥ ಎಣಿಕೆ ಎಲ್ಲೂ ಇರಲಿಲ್ಲ.