ಗೋಡೆ ನೋಡಿ ಬಳ್ಳಿ ಹಬ್ಬಿಸಿ

ವಸಂತ ಬಂತೆಂದರೆ ನಮ್ಮ ಸಂಘದ ಮನೆಗಳಲ್ಲಿ ಒಂದು ವಾಗ್ವಾದವೂ ತಪ್ಪದೆ ಚಿಗುರುತ್ತದೆ: ಗೋಡೆಯ ಮೇಲಿನ ಐವಿ ಬಳ್ಳಿಯನ್ನು ಉಳಿಸಬೇಕೆ, ಕಿತ್ತೆಸೆಯಬೇಕೆ? ಮನೆ ಕೊಂಡ ಹೊಸದರಲ್ಲಿ ಅದು ಶೋಭೆ. ಮಾರನೆಯ ವರ್ಷ ಯಾರೋ ಬಂದು “ಇಟ್ಟಿಗೇನೇ ತಿಂದುಬಿಡುತ್ತೆ ಕಣ್ರೀ” ಎನ್ನುತ್ತಾರೆ. ಊರಿನಿಂದ ಬಂದ ತಾಯಿಯವರು “ಹಾವು ಸೇರುತ್ತಪ್ಪ” ಎಂದು ಸೇರಿಸುತ್ತಾರೆ. ಮೂವತ್ತು ವರ್ಷದ ಸಾಲ ಹೊತ್ತವರ ನಿದ್ದೆ ಕೆಡಲು ಇಷ್ಟು ಸಾಕು. ಬಳ್ಳಿಯ ಮೇಲೆ ಹೊರಿಸುವ ಅಪವಾದದಲ್ಲಿ ಮುಕ್ಕಾಲು ಪಾಲು ಗೋಡೆಗೆ ಸೇರಬೇಕಾದದ್ದು ಎಂಬುದು ನಮ್ಮ ಅಭಿಪ್ರಾಯ.

ಬಳ್ಳಿಗಳಲ್ಲಿ ಮೊದಲು ಭೇದ ತಿಳಿಯಬೇಕು. ಬಾಸ್ಟನ್ ಐವಿಗೂ ಬಾಸ್ಟನ್ನಿಗೂ ಹುಟ್ಟಿನ ಸಂಬಂಧವಿಲ್ಲ. ಅದು ಚೀನಾ, ಕೊರಿಯಾ, ಜಪಾನ್ ಕಡೆಯದು, ದ್ರಾಕ್ಷಿಯ ದಾಯಾದಿ. ನಮ್ಮ ಹಾಗೆಯೇ ಎಲ್ಲಿಂದಲೋ ಬಂದು ಈ ಊರಿನ ಹೆಸರು ಹೇಳಿಕೊಂಡು ಬಾಳುತ್ತಿದೆ. ಎಲೆ ಉದುರುವ ಮುನ್ನ ಕುಂಕುಮದ ಬಣ್ಣಕ್ಕೆ ತಿರುಗುವುದು ಇದೇ. ಷಿಕಾಗೋದ ರಿಗ್ಲಿ ಫೀಲ್ಡ್ ಬೇಸ್‌ಬಾಲ್ ಮೈದಾನದ ಗೋಡೆಗೆ 1937ರಲ್ಲಿ ಬಳ್ಳಿ ನೆಟ್ಟರು. ಇಂದು ಅಲ್ಲಿ ಕಾಣುವುದೂ ಇದೇ. ಚೆಂಡು ಎಲೆಗಳಲ್ಲಿ ಸಿಕ್ಕಿಕೊಂಡರೆ ಹೊಡೆದವನಿಗೆ ಎರಡು ಬೇಸ್! ಇಂಗ್ಲಿಷ್ ಐವಿಯ ಕುಲವೇ ಬೇರೆ. ಅದು ವರ್ಷವಿಡೀ ಹಸಿರು.

ಅಂಟಿನ ಮಾತು ಬಂದರೆ ರಸಾಯನಶಾಸ್ತ್ರದವರಾದ ನಮಗೆ ಸುಮ್ಮನಿರುವುದು ಕಷ್ಟ. ಬಾಸ್ಟನ್ ಐವಿಯ ಕುಡಿಗಳ ತುದಿಯಲ್ಲಿ ಪುಟ್ಟ ಬಿಲ್ಲೆಗಳಿವೆ. ಅವು ಅಂಟು ಸ್ರವಿಸಿ ಗೋಡೆಯ ಮೇಲ್ಮೈಗೆ ಕಚ್ಚಿಕೊಳ್ಳುತ್ತವೆ, ಒಳಗೆ ಕೊರೆಯುವುದಿಲ್ಲ. ಇದರ ಸೋದರಿ ವರ್ಜೀನಿಯಾ ಕ್ರೀಪರಿನ ಹತ್ತು ವರ್ಷ ಹಳೆಯ ಕುಡಿಯ ಒಂದೇ ಕವಲು ಎರಡು ಪೌಂಡು ತೂಕ ತಡೆಯಿತೆಂದು ಡಾರ್ವಿನ್ ಬರೆದಿದ್ದಾನೆ. ಇಂಗ್ಲಿಷ್ ಐವಿ ಹಿಡಿಯುವುದು ಕಾಂಡದಿಂದ ಹೊರಡುವ ಬೇರುಗಳಿಂದ. ಅವು ಸ್ರವಿಸುವ ಸಕ್ಕರೆ-ಪ್ರೋಟೀನಿನ ಅತಿಸೂಕ್ಷ್ಮ ಕಣಗಳು ಕ್ಯಾಲ್ಸಿಯಂ ನೆರವಿನಿಂದ ಗಟ್ಟಿಯಾಗುತ್ತವೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ಗೋಡೆ ಗಟ್ಟಿಯಿದ್ದರೆ ಅಷ್ಟಕ್ಕೇ ಮುಗಿಯಿತು. ಬಿರುಕು ಸಿಕ್ಕಿತೋ, ಬೇರು ಒಳಗಿಳಿದು ದಪ್ಪವಾಗುತ್ತದೆ. ಹಳೆಯ ಗುಡಿಯ ಗೋಪುರದಲ್ಲಿ ಅರಳಿ ಸಸಿ ಮಾಡುವ ಕೆಲಸವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಟ್ಟಿ ಗೋಡೆಗಾದರೋ ಐವಿ ಹೊದಿಕೆಯೇ ಸರಿ: ಬಿಸಿಲು ಚಳಿಗಳ ಏರಿಳಿತವನ್ನು ಅದು ತಗ್ಗಿಸುತ್ತದೆಂದು ಆಕ್ಸ್‌ಫರ್ಡಿನವರು ಹಳೆಯ ಗೋಡೆಗಳ ಮೇಲೆ ಅಳೆದು ತೋರಿಸಿದ್ದಾರೆ.

ಆದ್ದರಿಂದ ಇಟ್ಟಿಗೆಗಳ ನಡುವಿನ ಗಾರೆಯನ್ನು ಬೀಗದ ಕೈಯಿಂದ ಕೆರೆದು ನೋಡಿ. ಪುಡಿ ಉದುರಿದರೆ ಮೊದಲು ಗಾರೆ ಕೆಲಸ, ಆಮೇಲೆ ಬಳ್ಳಿ. ಮರದ ಅಥವಾ ವಿನೈಲ್ ಸೈಡಿಂಗಿನ ಮನೆಯಾದರೆ ಅಂಟುವ ಬಳ್ಳಿ ಯಾವುದೂ ಬೇಡ. ಹಲಗೆಗಳ ಸಂದಿಗೆ ನುಗ್ಗುತ್ತದೆ, ತೇವ ನಿಲ್ಲುತ್ತದೆ. ಗೋಡೆಯಿಂದ ನಾಲ್ಕಾರು ಅಂಗುಲ ಬಿಟ್ಟು ಹಂದರ ನಿಲ್ಲಿಸಿ ಕ್ಲೆಮ್ಯಾಟಿಸ್ ಹಬ್ಬಿಸಬಹುದು. ಮಲ್ಲಿಗೆಗೆ ಚಪ್ಪರ ಹಾಕಿದವರ ಮಕ್ಕಳಲ್ಲವೆ ನಾವು!

ತೆಗೆಯಲೇಬೇಕೆಂದಿದ್ದರೆ ಹಸಿ ಬಳ್ಳಿಯನ್ನು ಜಗ್ಗಬೇಡಿ; ಗಾರೆ, ಬಣ್ಣ ಎರಡೂ ಜೊತೆಗೆ ಬರುತ್ತವೆ. ಬುಡದಲ್ಲಿ ಕತ್ತರಿಸಿ, ಒಣಗಲು ಬಿಟ್ಟು, ಮೆಲ್ಲನೆ ಬಿಡಿಸಿ. ಉಳಿದ ಬಿಲ್ಲೆಗಳನ್ನು ನೈಲಾನ್ ಬ್ರಷ್ಷಿನಿಂದ ಉಜ್ಜಿ. ಕೆಲವು ಕಂಟ್ರಾಕ್ಟರುಗಳು ಇದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸುರಿಯುತ್ತಾರೆ. ಸುಣ್ಣದ ಗಾರೆಯ ಮೇಲೆ ಆಮ್ಲ ಬಿದ್ದರೆ ನೊರೆ ಬರುತ್ತದಲ್ಲ, ಅದು ನಿಮ್ಮ ಗೋಡೆಯೇ ಕರಗಿ ಹೋಗುತ್ತಿರುವ ಗುರುತು. ಬಳ್ಳಿ ಐವತ್ತು ವರ್ಷದಲ್ಲಿ ಮಾಡದ ಹಾನಿಯನ್ನು ಒಂದು ಬಾಟಲಿ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುತ್ತದೆ. ದಯವಿಟ್ಟು ಬೇಡವೆನ್ನಿ.

ಉಳಿಸಿಕೊಂಡವರು ಕತ್ತರಿ ಕೈಬಿಡಬಾರದು. ವರ್ಷಕ್ಕೆ ಎರಡು ಬಾರಿಯಾದರೂ ಕಿಟಕಿ, ಸೂರು, ಮಳೆನೀರಿನ ದೋಣಿಗಳಿಂದ ಅದನ್ನು ಹಿಂದಕ್ಕೆ ತಳ್ಳಬೇಕು. ಇಂಗ್ಲಿಷ್ ಐವಿಯ ರಸದಲ್ಲಿರುವ ಫಾಲ್ಕರಿನಾಲ್ ಕೆಲವರ ಚರ್ಮಕ್ಕೆ ತುರಿಕಜ್ಜಿ ತರುತ್ತದೆ; ಕೈಚೀಲ ಇರಲಿ. ಎರಡರ ಕಾಯಿಯೂ ಮಕ್ಕಳ ಬಾಯಿಗೆ ಹೋಗಬಾರದು. ಹೊಸದಾಗಿ ಇಂಗ್ಲಿಷ್ ಐವಿ ನೆಡುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಹಕ್ಕಿಗಳು ಬೀಜ ಒಯ್ದು ಕಾಡಿನ ಮರಗಳಿಗೂ ಹತ್ತಿಸುತ್ತವೆ. ಆರೆಗನ್ ರಾಜ್ಯದಲ್ಲಿ 2010ರಿಂದ ಅದರ ಮಾರಾಟವೇ ನಿಷಿದ್ಧ.

ಇಟ್ಟಿಗೆ ಮನೆಯವರಿಗೆ ಬಾಸ್ಟನ್ ಐವಿ ಬೇಕಿದ್ದರೆ ಬೇರು ಬಿಟ್ಟ ನಾಲ್ಕು ಕಡ್ಡಿ ನಮ್ಮಲ್ಲಿವೆ. ಯುಗಾದಿ ಊಟಕ್ಕೆ ಬರುವಾಗ ತರುತ್ತೇವೆ. ಗಾರೆ ಕೆರೆದು ನೋಡಿ ಬಂದವರಿಗೆ ಮೊದಲ ಆದ್ಯತೆ.